ನಾನು ಬಾಚಿ ತೆಗೆದ ಸಾಲು

ಗಿಟ್ ಸುಳ್ಳು ಹೇಳುವುದಿಲ್ಲ ಎಂದು ಒಬ್ಬ ಹೆಂಗಸಿಗೆ ಆರು ಜನರ ಎದುರು ಮುಖಕ್ಕೆ ಹೊಡೆದ ಹಾಗೆ ಹೇಳಿದವಳು ನಾನು. ಆಕೆ ವಯಸ್ಸಿನಲ್ಲಿ ನನಗಿಂತ ಐದು ವರ್ಷ ದೊಡ್ಡವರು, ಕೆಲಸದಲ್ಲಿ ನನ್ನ ಕೈಕೆಳಗೆ. ಆ ಮಾತು ಆಡುವಾಗ ನನಗೆ ಒಳಗೊಳಗೇ ಒಂದು ಖುಷಿಯೂ ಇತ್ತು, ಅದನ್ನೇಕೆ ಮುಚ್ಚಿಡಲಿ. ನನ್ನ ಬಾಯಿ ಮೊದಲಿನಿಂದಲೂ ಹಾಗೆಯೇ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇವಳ ಹತ್ತಿರ ವಾದ ಮಾಡಿ ಗೆದ್ದವರಿಲ್ಲ ಎಂದು ನಮ್ಮತ್ತೆ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಅದು ಹೊಗಳಿಕೆಯೋ ದೂರೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಹೆಬ್ಬಾಳದ ಫ್ಲೈಓವರ್ ಇಳಿದು, ಸರ್ವಿಸ್ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಕಟ್ಟಡದ ಮೂರನೆಯ ಮಹಡಿಯಲ್ಲಿ ನಮ್ಮ ಆಫೀಸು. ಕಟ್ಟಡ, ಕಂಪನಿ ಎರಡೂ ಒಬ್ಬರದೇ. ಅವರ ತಾತ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ನಮ್ಮ ಮಾಲೀಕರು ಇಂಜಿನಿಯರಿಂಗ್ ಓದಿದವರು, ಹೊರಗಿನವರ ಮುಂದೆ ಇಂಗ್ಲಿಷಿನಲ್ಲೇ ಮಾತಾಡುವವರು. ಸಿಟ್ಟು ಬಂದರೆ ಮಾತ್ರ ಊರಿನ ಮಾತು ಹೊರಗೆ ಬರುತ್ತಿತ್ತು. ನಾವು ಮಾಡುತ್ತಿದ್ದದ್ದು ಸ್ಕೂಲ್ ಬಸ್ಸುಗಳಿಗೆ ಬೇಕಾದ ಆಪ್. ಬಸ್ಸು ಎಲ್ಲಿದೆ, ಮುಂದಿನ ಸ್ಟಾಪ್ ಯಾವುದು, ಮಗು ಹತ್ತಿತೋ ಇಲ್ಲವೋ, ಇವೆಲ್ಲ ಡ್ರೈವರಿನ ಫೋನಿಗೆ, ಆಯಾಳ ಫೋನಿಗೆ, ಅಪ್ಪ ಅಮ್ಮಂದಿರ ಫೋನಿಗೆ ಹೋಗಬೇಕು. ಒಂಬತ್ತು ಜನ ಬರೆಯುತ್ತಿದ್ದೆವು, ನಾನು ಎಲ್ಲರಿಗಿಂತ ಹಳಬಳು, ಟೀಮಿನ ಲೀಡು.

ಗಿಟ್ ಅಂದರೇನೆಂದು ನಮ್ಮತ್ತೆಗೆ ಹೇಳಿದ ಹಾಗೆಯೇ ಇಲ್ಲೂ ಹೇಳಿಬಿಡುತ್ತೇನೆ. ಒಂಬತ್ತು ಜನ ಸೇರಿ ಒಂದೇ ಪುಸ್ತಕ ಬರೆಯುತ್ತಿದ್ದಾರೆ ಅಂದುಕೊಳ್ಳಿ. ಯಾರು, ಯಾವತ್ತು, ಯಾವ ಸಾಲು ಸೇರಿಸಿದರು, ಯಾವುದನ್ನು ಹೊಡೆದು ಹಾಕಿದರು ಎಂದು ಪ್ರತಿಯೊಂದನ್ನೂ ನೆನಪಿಡುವುದು ಗಿಟ್‌ನ ಕೆಲಸ. ಒಬ್ಬೊಬ್ಬರೂ ತಮ್ಮದೇ ಪ್ರತಿಯಲ್ಲಿ ಬರೆದು, ಬರೆದದ್ದಕ್ಕೆ ತಮ್ಮ ಹೆಸರು ಹಾಕಿ, ಏನು ಮಾಡಿದೆವು ಎಂದು ಮೇಲೊಂದು ಚೀಟಿ ಅಂಟಿಸಿ ಇಡುತ್ತಾರೆ. ಆಮೇಲೆ ಎಲ್ಲರದನ್ನೂ ಮೂಲಪ್ರತಿಗೆ ಸೇರಿಸಬೇಕು. ಇದ್ದದ್ದು ಇದ್ದ ಹಾಗೆ ಸೇರಿಸಿದರೆ ಎಳೆ ಎಳೆಯಾಗಿ ಗೋಜಲು ಕಾಣುತ್ತದೆ. ರೀಬೇಸ್ ಮಾಡಿದರೆ ಗೋಜಲಿರುವುದಿಲ್ಲ. ಒಬ್ಬರ ಕೆಲಸವನ್ನು ಅದರ ಜಾಗದಿಂದ ಎತ್ತಿ, ಮೂಲಪ್ರತಿಯ ಈಗಿನ ತುದಿಯಲ್ಲಿ, ಈಗಷ್ಟೇ ಅಲ್ಲೇ ಕೂತು ಬರೆದ ಹಾಗೆ ಮತ್ತೆ ಬರೆಯುವುದೇ ರೀಬೇಸ್. ಎತ್ತಿ ಕೂರಿಸಿದವರು ಯಾರೇ ಆಗಲಿ, ಬರೆದವರ ಹೆಸರು ಮಾತ್ರ ಹಾಗೇ ಉಳಿಯುತ್ತದೆ.

ನನಗೆ ಗೋಜಲು ಕಂಡರೆ ಆಗುವುದಿಲ್ಲ. ಅದಕ್ಕೇ ನಾನೊಂದು ಪದ್ಧತಿ ಮಾಡಿಟ್ಟಿದ್ದೆ. ಗುರುವಾರ ಮಧ್ಯಾಹ್ನ ಊಟ ಆದ ಮೇಲೆ ಎಲ್ಲರ ಕೆಲಸವನ್ನೂ ನನ್ನ ಲ್ಯಾಪ್‌ಟಾಪಿಗೆ ತಂದು, ಒಂದರ ಮೇಲೊಂದು ರೀಬೇಸ್ ಮಾಡಿ, ನೂಲು ಹಿಡಿದ ಹಾಗೆ ನೆಟ್ಟಗೆ ಮಾಡಿ ಇಡುತ್ತಿದ್ದೆ. ಆಫೀಸಿನಲ್ಲಿ ಅದಕ್ಕೆ ಬಾಚೋದು ಎಂದು ಹೆಸರು ಬಿದ್ದಿತ್ತು. 'ಮೇಡಂ ಬಾಚ್ತಿದ್ದಾರೆ, ಡಿಸ್ಟರ್ಬ್ ಮಾಡ್ಬೇಡ್ರೋ' ಎಂದು ಹುಡುಗರು ರೇಗಿಸುತ್ತಿದ್ದರು. ಶುಕ್ರವಾರ ಬೆಳಿಗ್ಗೆ ಬಂದ ತಕ್ಷಣ ಎಲ್ಲರೂ ತಮ್ಮ ಹಳೆಯ ಪ್ರತಿಯನ್ನು ಎಸೆದು, ನಾನು ಬಾಚಿಟ್ಟದ್ದನ್ನು ಇಳಿಸಿಕೊಳ್ಳಬೇಕು. ಇದೂ ನನ್ನದೇ ರೂಲು. ಹಳೆಯದನ್ನು ಇಟ್ಟುಕೊಂಡವರಿಗೆ ನನ್ನಿಂದ ಮಂಗಳಾರತಿ ಆಗುತ್ತಿತ್ತು.

ಇಬ್ಬರು ಒಂದೇ ಸಾಲನ್ನು ಬೇರೆ ಬೇರೆ ಥರ ತಿದ್ದಿದ್ದರೆ ಗಿಟ್ ನಿಂತುಬಿಡುತ್ತದೆ. ಯಾವುದು ಬೇಕು, ನೀವೇ ಹೇಳಿ ಎನ್ನುತ್ತದೆ. ನಾವು ಕೂತು ಬಿಡಿಸಿ, ಮುಂದೆ ಹೋಗು ಎನ್ನಬೇಕು. ವಾರ ವಾರವೂ ಅದೇ ಜಗಳ ಬಿಡಿಸಿ ಬಿಡಿಸಿ ನನಗೆ ಸಾಕಾಗಿತ್ತು. ಒಮ್ಮೆ ಬಿಡಿಸಿದ್ದನ್ನು ನೆನಪಿಟ್ಟುಕೊಂಡು, ಅದೇ ಜಗಳ ಇನ್ನೊಮ್ಮೆ ಬಂದರೆ ತಾನೇ ಬಿಡಿಸಿಡುವ ಒಂದು ಅನುಕೂಲ ಗಿಟ್‌ನಲ್ಲಿದೆ. ಅದನ್ನು ಎರಡು ವರ್ಷದ ಹಿಂದೆಯೇ ನನ್ನ ಲ್ಯಾಪ್‌ಟಾಪಿನಲ್ಲಿ ಹಾಕಿಟ್ಟು ಮರೆತುಬಿಟ್ಟಿದ್ದೆ.

ಇನ್ನು ಆಕೆಯ ವಿಷಯ. ಗಂಗಾನಗರದಿಂದ ಬರುತ್ತಿದ್ದರು, ತಮ್ಮದೇ ಸ್ಕೂಟರಿನಲ್ಲಿ. ಮದುವೆಗೆ ಮುಂಚೆ, ಮಗಳು ಹುಟ್ಟಿದ ಮೇಲೆ ಸ್ವಲ್ಪ ದಿನ, ಒಳ್ಳೆಯ ಕಡೆ ಕೆಲಸ ಮಾಡಿದ್ದವರು. ಆಮೇಲೆ ಹತ್ತು ವರ್ಷ ಮನೆ. ನಲವತ್ತೇಳನೆಯ ವಯಸ್ಸಿಗೆ ಮತ್ತೆ ಕಲಿತು, ಹದಿನಾರು ಕಡೆ ಇಲ್ಲ ಅನ್ನಿಸಿಕೊಂಡು, ನಮ್ಮಲ್ಲಿಗೆ ಬಂದಿದ್ದರು. ಆರು ತಿಂಗಳು ನೋಡಿ ಆಮೇಲೆ ಖಾಯಂ ಮಾಡುವುದು ಎಂದು ಮಾತು. ಒಂದು ದಿನ ಊಟದ ಡಬ್ಬಿ ಬಿಚ್ಚುತ್ತಾ, 'ಕನ್ಫರ್ಮ್ ಲೆಟರ್ ಬಂದ್ರೆ ಫ್ರೇಮ್ ಹಾಕಿಸ್ತೀನಿ ಮೇಡಂ, ನಗಬೇಡಿ' ಎಂದಿದ್ದರು. ನಾನು ನಕ್ಕಿದ್ದೆ. ನಿಧಾನ ಅವರು, ಆದರೆ ಮಾಡಿದ್ದು ಅಚ್ಚುಕಟ್ಟು. ಆ ನಿಧಾನವೇ ನನಗೆ ಉರಿ ಹತ್ತಿಸುತ್ತಿತ್ತು.

ಐದು ತಿಂಗಳು ಕಳೆದ ಮೇಲೆ ಅವರಿಗೆ ಒಂದು ಕೆಲಸ ಕೊಟ್ಟೆ. ಯಲಹಂಕದ ಒಂದು ಸ್ಕೂಲಿನ ಬಸ್ಸು ಬೆಳಿಗ್ಗೆ ಮೊದಲು ರಾಜಾನುಕುಂಟೆಯ ತನಕ ಹೋಗಿ, ಅಲ್ಲಿಂದ ಮಕ್ಕಳನ್ನು ತುಂಬಿಕೊಳ್ಳುತ್ತಾ ವಾಪಸ್ ಬರುತ್ತದೆ. ಹೋಗುವಾಗ ಪುಟ್ಟೇನಹಳ್ಳಿ ಸ್ಟಾಪಿನ ಎದುರುಗಡೆ ಹಾದು ಹೋಗುತ್ತದಲ್ಲ, ಆಗಲೇ ನಮ್ಮ ಆಪ್ ಈ ಸ್ಟಾಪ್ ಆಯಿತು ಅಂದುಕೊಂಡುಬಿಡುತ್ತಿತ್ತು. ಹಳೆಯ ಡ್ರೈವರಿಗೆ ದಾರಿ ಬಾಯಿಪಾಠ, ಆದ್ದರಿಂದ ತೊಂದರೆ ಇರಲಿಲ್ಲ. ಸೋಮವಾರದಿಂದ ಬಸ್ಸಿನ ಕಂಟ್ರ್ಯಾಕ್ಟು ಬೇರೆಯವರಿಗೆ ಹೋಗುವುದಿತ್ತು. ಡ್ರೈವರ್ ಹೊಸಬ, ಆಯಾ ಹೊಸಬಳು. ಅಷ್ಟರೊಳಗೆ ಇದು ಸರಿಹೋಗಬೇಕು.

ಆಕೆ ಒಂದು ಸಾಲು ಸೇರಿಸಿದರು. ಆಯಾ ಮಕ್ಕಳನ್ನು ಎಣಿಸಿ ಬಟನ್ ಒತ್ತುವವರೆಗೆ ಸ್ಟಾಪ್ ಆಯಿತು ಎನ್ನಬೇಡ. ಅಷ್ಟೇ. ಬುಧವಾರ ಬೆಳಿಗ್ಗೆ ಆರಕ್ಕೆ ಹೋಗಿ, ಹಳೆಯ ಆಯಾಳ ಪಕ್ಕದಲ್ಲಿ ಬಸ್ಸಿನಲ್ಲೇ ಕೂತು, ರಾಜಾನುಕುಂಟೆಗೆ ಹೋಗಿ ಬಂದು, ಸರಿಯಾಗಿದೆ ಎಂದು ನೋಡಿಕೊಂಡರು. ಯಾರೂ ಹೋಗಿ ಎಂದಿರಲಿಲ್ಲ. ಗುರುವಾರ ನಾನು ಬಾಚಿದೆ. ಸೋಮವಾರ ಬಸ್ಸು ಹೊರಟಿತು.

ಸೋಮವಾರ ಪುಟ್ಟೇನಹಳ್ಳಿ ಸ್ಟಾಪಿನಲ್ಲಿ ನಾಲ್ಕು ಮಕ್ಕಳು ನಿಂತೇ ಇದ್ದರು. ಬಸ್ಸು ಎದುರು ಬದಿಯಲ್ಲಿ ಹೋದ ಕೂಡಲೇ ಸ್ಟಾಪ್ ಆಯಿತು ಎಂದು ಡ್ರೈವರಿನ ಫೋನಿನಿಂದ ಅದು ಮಾಯ. ಮಕ್ಕಳು ಬಸ್ ಹತ್ತಿದ್ದಾರೆ ಎಂದು ನಾಲ್ಕೂ ಮನೆಗಳಿಗೆ ಮೆಸೇಜು. ಮಕ್ಕಳನ್ನು ಸ್ಟಾಪಿಗೆ ಬಿಟ್ಟು ಹೋದ ಅಪ್ಪ ಅಮ್ಮಂದಿರು ನೆಮ್ಮದಿಯಾಗಿ ಆಫೀಸು ಸೇರಿಕೊಂಡರು. ಬಸ್ಸು ವಾಪಸ್ ಬರುವಾಗ ನಿಲ್ಲಲೇ ಇಲ್ಲ. ಮೂರು ಮಕ್ಕಳು ಮನೆಯ ಕಡೆ ನಡೆದವು. ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಅವತ್ತು ಟೆಸ್ಟ್ ಇದೆ ಎಂದು ದೊಡ್ಡಬಳ್ಳಾಪುರ ರಸ್ತೆಯಲ್ಲಿ ಒಬ್ಬಳೇ ಸ್ಕೂಲಿನ ಕಡೆ ನಡೆದೇ ಹೊರಟಳು. ಲಾರಿಗಳು ಓಡಾಡುವ ರಸ್ತೆ ಅದು. ಒಂದೂಕಾಲು ಗಂಟೆಯ ಮೇಲೆ ಎಳನೀರು ಮಾರುವವರೊಬ್ಬರು ಅವಳನ್ನು ಕೂರಿಸಿಕೊಂಡು, ಬ್ಯಾಗಿನೊಳಗಿನ ನಂಬರಿಗೆ ಫೋನ್ ಮಾಡಿದರು. ಏನೂ ಆಗಲಿಲ್ಲ. ಆದರೆ ಆ ಒಂದೂಕಾಲು ಗಂಟೆಯಲ್ಲಿ ಆ ತಾಯಿ ಫೋನಿನಲ್ಲಿ ನಮಗೆ ಅಂದ ಮಾತುಗಳು ನನ್ನ ಕಿವಿಯಿಂದ ಹೋಗಿಲ್ಲ.

ಮಂಗಳವಾರ ಮೀಟಿಂಗ್. ಮಾಲೀಕರು ಕೂರಲೂ ಇಲ್ಲ.

'ಯಾರ್ದು ಇದು ಅಂತ ಏಳಿ. ಸ್ಕೂಲ್ನೋರು ನಂಗೆ ಎಸ್ರು ಕೇಳ್ತಾವ್ರೆ. ಇಂಗೆ ಆದ್ರೆ ನಾನು ಅವ್ರಿಗೆ ಏನ್ ಮುಖ ತೋರಿಸ್ಲಿ?'

ಸಿದ್ಧವಾಗಿಯೇ ಹೋಗಿದ್ದೆ ನಾನು. ಗೋಡೆಯ ದೊಡ್ಡ ಪರದೆಯ ಮೇಲೆ ಆಕೆಯ ಕೆಲಸವನ್ನು ತೆರೆದು ತೋರಿಸಿದೆ. ಆಯಾ ಬಟನ್ ಒತ್ತುವವರೆಗೆ ಸ್ಟಾಪ್ ಮುಗಿಯುವುದಿಲ್ಲ ಎಂದು ಮೇಲೆ ಚೀಟಿ ಇದೆ. ಕೆಳಗೆ ಆಕೆಯ ಹೆಸರಿದೆ. ಒಳಗೆ ಆ ಸಾಲೇ ಇಲ್ಲ. ಬೇರೆ ಎರಡು ಮೂರು ಸಣ್ಣ ಪುಟ್ಟ ತಿದ್ದುಪಡಿ ಇವೆ. ಮಾಡದ ಕೆಲಸಕ್ಕೆ ಮಾಡಿದ್ದೇನೆ ಎಂದು ಚೀಟಿ ಅಂಟಿಸಿದ ಹಾಗೆ.

'ಇಲ್ಲ ಮೇಡಂ, ಆ ಲೈನ್ ಹಾಕಿದ್ದೆ ನಾನು,' ಎಂದರು ಆಕೆ. 'ಬುಧವಾರ ಬಸ್ಸಲ್ಲೇ ಕೂತು ನೋಡ್ಕೊಂಡ್ ಬಂದಿದೀನಲ್ಲ. ಆಯಾ ಬಟನ್ ಒತ್ತೋವರ್ಗೂ ಸ್ಟಾಪ್ ಹಾಗೇ ಇತ್ತು.'

'ಎಲ್ಲಿದೆ, ತೋರಿಸ್ರೀ. ಹೆಸರು ನಿಮ್ದೇ ತಾನೇ? ನಿಮ್ ಲ್ಯಾಪ್‌ಟಾಪಲ್ಲೇ ನೋಡಿ, ಬೇಡ ಅಂದೋರ್ಯಾರು?'

ಅಲ್ಲೇ ಲ್ಯಾಪ್‌ಟಾಪ್ ತೆರೆದರು. ಶುಕ್ರವಾರ ಬೆಳಿಗ್ಗೆ ನನ್ನ ರೂಲಿನ ಪ್ರಕಾರ ಹಳೆಯ ಪ್ರತಿಯನ್ನು ಎಸೆದು ಹೊಸದನ್ನು ಇಳಿಸಿಕೊಂಡಿದ್ದರಲ್ಲ, ಅವರಲ್ಲೂ ಆ ಸಾಲಿರಲಿಲ್ಲ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದರು. ಎಲ್ಲರೂ ನೋಡುತ್ತಿದ್ದೆವು. 'ಬರೆದಿದ್ದೆ ಅನ್ಸುತ್ತೆ' ಎಂದರು ಕೊನೆಗೆ. ಬರೆದಿದ್ದೆ ಎಂದವರು ಬರೆದಿದ್ದೆ ಅನ್ಸುತ್ತೆ ಅನ್ನುವುದಕ್ಕೆ ಇಳಿದಿದ್ದರು. ಆ ಸಂದು ಸಿಕ್ಕಿದ್ದೇ ನಾನು ಬಿಡಲಿಲ್ಲ.

'ಅನ್ಸೋದಲ್ಲ ಕಣ್ರೀ. ನಿಮಗೆ ಏನೇನೋ ಅನ್ಸಬಹುದು. ಗಿಟ್ ಸುಳ್ಳು ಹೇಳಲ್ಲ.'

ಆಕೆ ಲ್ಯಾಪ್‌ಟಾಪ್ ಮುಚ್ಚಿದರು. ಖಾಯಂ ಆಗಲು ಹದಿಮೂರು ದಿನ ಬಾಕಿ ಇತ್ತು. ಸಂಜೆ ಐದಕ್ಕೆ ಮಾಲೀಕರು ರಾಜೀನಾಮೆ ಬರೆಸಿಕೊಂಡರು. ಆಕೆ ಲ್ಯಾಪ್‌ಟಾಪನ್ನು ಒರೆಸಿ ನನ್ನ ಮೇಜಿನ ಮೇಲಿಟ್ಟು, 'ಆ ಮಗು ಚೆನ್ನಾಗಿದೆಯಂತಲ್ವಾ ಮೇಡಂ?' ಎಂದು ಕೇಳಿ ಹೋದರು. ಹೂಂ ಎಂದೆ, ತಲೆ ಎತ್ತಲಿಲ್ಲ. ಮಾರನೆಯ ದಿನ ಆ ಸಾಲನ್ನು ನಾನೇ ಬರೆದು ಹಾಕಿದೆ. ಐದು ನಿಮಿಷದ ಕೆಲಸ, ಇದನ್ನೂ ಮಾಡಲಾಗಲಿಲ್ಲವಲ್ಲ ಇವರಿಗೆ ಎಂದು ಪಕ್ಕದವರಿಗೆ ಕೇಳುವ ಹಾಗೆ ಬೇರೆ ಗೊಣಗಿದೆ. ಥೂ, ನನ್ನ ನಾಲಿಗೆಗೆ.

ಮೂರು ವಾರ ಕಳೆಯಿತು. ಒಂದು ಗುರುವಾರ ಬಾಚಿ ಮುಗಿಸಿ ನೋಡುತ್ತೇನೆ, ನನ್ನದೇ ಒಂದು ತುಂಡು ಇಲ್ಲ. ಸೋಮವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಬರೆದದ್ದು, ಬೆರಳಿಗೆ ಇನ್ನೂ ನೆನಪಿದೆ. ಚೀಟಿ ಇದೆ, ನನ್ನ ಹೆಸರಿದೆ, ಒಳಗೆ ಆ ತುಂಡಿಲ್ಲ.

ನಾನು ಬರೆದೇ ಇರಲಿಲ್ಲವೇನೋ ಎಂದು ನನಗೆ ಒಂದು ಕ್ಷಣವಾದರೂ ಅನ್ನಿಸಲಿಲ್ಲ. ಇದನ್ನು ಬರೆಯುವಾಗ ಬಾಯಿ ಕಹಿಯಾಗುತ್ತದೆ. ನನ್ನದು ಕಾಣೆಯಾದಾಗ ಮಷೀನಿನ ಮೇಲೆ ಸಂಶಯ, ಆಕೆಯದು ಕಾಣೆಯಾದಾಗ ಆಕೆಯ ಮೇಲೆ ಸಂಶಯ. 'ಇದಕ್ಕೇನೋ ದೆವ್ವ ಹಿಡಿದಿದೆ, ನೋಡೇಬಿಡ್ತೀನಿ' ಎಂದು ಶುಕ್ರವಾರ ಬೇರೆಲ್ಲ ಕೆಲಸ ಬದಿಗಿಟ್ಟು ಕೂತೆ.

ಒಂದೊಂದು ಪ್ರತಿಯೂ ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ಗಿಟ್ ನಮ್ಮ ನಮ್ಮ ಲ್ಯಾಪ್‌ಟಾಪಿನಲ್ಲಿ ಒಂದು ದಿನಚರಿ ಇಟ್ಟಿರುತ್ತದೆ. ಎಸೆದೆವು ಅಂದುಕೊಂಡದ್ದೂ ಕೆಲವು ವಾರ ಅಲ್ಲೇ ಬಿದ್ದಿರುತ್ತದೆ. ಅದನ್ನು ತೆಗೆದು, ಬಾಚುವ ಮುಂಚಿನ ನನ್ನ ಪ್ರತಿಯನ್ನೂ ಬಾಚಿದ ಮೇಲಿನದನ್ನೂ ಅಕ್ಕಪಕ್ಕ ಇಟ್ಟೆ. ಮುಂಚಿನದರಲ್ಲಿ ಆ ತುಂಡು ಇದೆ, ನಂತರದ್ದರಲ್ಲಿ ಇಲ್ಲ. ಅಂದರೆ ಬಾಚುವಾಗಲೇ ಹೋಗಿದೆ. ಬೇರೆ ಕಡೆ ಒಂದು ನಕಲು ಮಾಡಿಕೊಂಡು, ಅದೇ ರೀಬೇಸನ್ನು ಮತ್ತೆ ಮಾಡಿದೆ, ಈ ಸಲ ಪರದೆಯ ಮೇಲೆ ಬರುವ ಪ್ರತಿ ಸಾಲನ್ನೂ ಓದುತ್ತಾ. ಜಗಳ ಬಂತು, ಗಿಟ್ ನಿಂತಿತು. ಹೋದ ಸಲ ಬಿಡಿಸಿದ ಹಾಗೆಯೇ ಬಿಡಿಸಿಟ್ಟಿದ್ದೇನೆ ಎಂಬ ಅರ್ಥದ ಒಂದೇ ಒಂದು ಸಾಲು ತೋರಿಸಿ, ಮುಂದೆ ಹೋಗಲೇ ಎಂದು ಕಾದಿತು.

ಹೋದ ಸಲ? ಇದನ್ನು ನಾನು ಹೋದ ಸಲ ಯಾವಾಗ ಬಿಡಿಸಿದ್ದೆ?

ಆಗ ಹೊಳೆಯಿತು. ಗುರುವಾರ ಎಡವಟ್ಟಾಗಬಾರದೆಂದು ಮಂಗಳವಾರವೇ ಒಂದು ಸಲ ಸುಮ್ಮನೆ ಬಾಚಿ ನೋಡುವ ಅಭ್ಯಾಸ ನನಗೆ. ಅದು ಬರೀ ಪ್ರಯೋಗ. ನಡುವೆ ಜಗಳ ಬಂದರೆ ಓದುವುದಿಲ್ಲ. ಕಣ್ಣು ಮುಚ್ಚಿ ಯಾವುದೋ ಒಂದು ಕಡೆಯದನ್ನು ಇಟ್ಟು, ಇನ್ನೊಂದನ್ನು ಹೊಡೆದು ಹಾಕಿ ಮುಂದೆ ಹೋಗುತ್ತೇನೆ. ಮುಗಿದ ಮೇಲೆ ಪೂರ್ತಿ ಪ್ರಯೋಗವನ್ನೇ ಎಸೆಯುತ್ತೇನೆ. ಎಸೆದರೆ ಮುಗಿಯಿತು ಅಂದುಕೊಂಡಿದ್ದೆ. ಪ್ರಯೋಗವೇನೋ ಹೋಗುತ್ತಿತ್ತು, ನಾನು ಕಣ್ಣು ಮುಚ್ಚಿ ಬಿಡಿಸಿದ ಜಗಳಗಳನ್ನು ಮಾತ್ರ ಗಿಟ್ ಜೋಪಾನವಾಗಿ ಎತ್ತಿಟ್ಟುಕೊಳ್ಳುತ್ತಿತ್ತು. ಗುರುವಾರ ಅದೇ ಜಗಳ ಬಂದಾಗ, ಮಂಗಳವಾರ ನೀವೇ ಹೇಳಿದ್ದಿರಲ್ಲ ಎಂದು ಹಾಗೆಯೇ ಬಿಡಿಸಿಡುತ್ತಿತ್ತು. ಆ ವಿಷಯವನ್ನು ಪರದೆಯ ಮೇಲೆ ಹೇಳಿಯೂ ಹೇಳುತ್ತಿತ್ತು. ನಾನು ಓದದೆ ಮುಂದೆ ಹೋಗು ಎನ್ನುತ್ತಿದ್ದೆ.

ಆಕೆಯ ನೆನಪು ಬಂದದ್ದು ಆಗ.

ಗಿಟ್ ತನ್ನ ನೆನಪುಗಳನ್ನು ಇಟ್ಟಿರುವ ಜಾಗ ಹುಡುಕಿ, ತಾರೀಖು ನೋಡುತ್ತಾ ಹಿಂದೆ ಹೋದೆ. ಬಸ್ಸು ನಿಲ್ಲದೆ ಹೋದ ಸೋಮವಾರದ ಹಿಂದಿನ ಮಂಗಳವಾರ. ಇತ್ತು. ಆಯಾಳ ಬಟನ್ನಿನ ಸಾಲು ಒಂದು ಕಡೆ, ಬೇರೊಬ್ಬರ ತಿದ್ದುಪಡಿ ಇನ್ನೊಂದು ಕಡೆ. ಆಕೆಯದನ್ನು ಹೊಡೆದು ಹಾಕಿದ್ದೆ ನಾನು. ಆಮೇಲೆ ನನ್ನ ದಿನಚರಿ ನೋಡಿದೆ. ನಾನು ಬಾಚುವ ಮುಂಚಿನ ಆಕೆಯ ಪ್ರತಿ ಅಲ್ಲಿ ಹಾಗೇ ಕೂತಿತ್ತು. ಸಾಲು ಇತ್ತು. ಮೇಲೆ ಒಂದು ವಿವರಣೆಯನ್ನೂ ಬರೆದಿದ್ದರು, ಎದುರು ಬದಿಯಲ್ಲಿ ಹಾದು ಹೋದರೆ ಮೋಸ ಹೋಗಬೇಡ ಎಂದು. ಬಾಚಿದ ಪ್ರತಿಯಲ್ಲಿ ಬರೆದವರು ಎಂದು ಆಕೆಯ ಹೆಸರಿದ್ದರೆ, ಎತ್ತಿ ಕೂರಿಸಿದವರು ಎಂದು ಇನ್ನೊಂದು ಹೆಸರೂ ಇರುತ್ತದೆ. ಸುಮ್ಮನೆ ನೋಡಿದರೆ ಅದು ಕಾಣುವುದಿಲ್ಲ, ಕೇಳಿದರೆ ತೋರಿಸುತ್ತದೆ. ಮೀಟಿಂಗಿನ ದಿನ ನಾನು ಕೇಳಿರಲಿಲ್ಲ. ಈಗ ಕೇಳಿದೆ. ನನ್ನ ಹೆಸರು.

ಬಾತ್‌ರೂಮಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ. ನಾನೂ ಹೆಂಗಸೇ. ಹೆರಿಗೆ ರಜೆ ಮುಗಿಸಿ ಬಂದ ದಿನ ನನ್ನ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದದ್ದನ್ನು ನೋಡಿದವಳು. ಅಂಥವಳು ಇನ್ನೊಬ್ಬಳ ತಲೆಯ ಮೇಲೆ ಗೂಬೆ ಕೂರಿಸಿ ಕೈ ತೊಳೆದುಕೊಂಡಿದ್ದೆ.

ಮಾಲೀಕರ ರೂಮಿಗೆ ಹೋಗಿ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಎದ್ದು ಹೋಗಿ ಬಾಗಿಲು ಹಾಕಿ ಬಂದರು.

'ಈಗ್ಯಾಕೆ ಮೇಡಂ ಇದು?'

'ಅವರದ್ದೇನೂ ತಪ್ಪಿಲ್ಲ ಸರ್. ವಾಪಸ್ ಕರೀಬೇಕು.'

'ಸ್ಕೂಲ್ನೋರಿಗೆ ತಪ್ಪು ಮಾಡ್ದೋರ್ನ ತೆಗ್ದಿದೀವಿ ಅಂತ ಬರ್ದು ಕೊಟ್ಟಿದೀನಿ. ಈಗ ಅವ್ರಲ್ಲ, ನಮ್ ಲೀಡೇ ಅಂತ ಏಳ್ಲಾ? ಆ ಮಗು ತಂದೆ ಲಾಯರು, ಗೊತ್ತಾ? ಬುಡಿ. ನೀವೇನೂ ಏಳಿಲ್ಲ, ನಾನೇನೂ ಕೇಳಿಲ್ಲ. ಎಲ್ಲಾದ್ರೂ ಬರ್ದು ಗಿರ್ದು ಕೊಟ್ರೆ, ಸ್ಟೇಷನ್ನಾಗೆ ನೀವೊಬ್ರೇ ನಿಂತ್ಕೋಬೇಕಾಯ್ತದೆ.'

ಬಿಟ್ಟೆ. ಹೌದು, ವಾದದಲ್ಲಿ ಯಾರಿಗೂ ಸೋಲದವಳು ಅವರ ಮುಂದೆ ಬಾಲ ಮುದುರಿಕೊಂಡು ಬಂದೆ. ಮಾಡಿದ್ದು ಒಂದೇ, ಆ ನೆನಪಿಟ್ಟುಕೊಳ್ಳುವ ಅನುಕೂಲವನ್ನು ತೆಗೆದು ಹಾಕಿದೆ. ಬಾಚುವುದನ್ನೂ ನಿಲ್ಲಿಸಿದೆ. ಹುಡುಗರು ಯಾಕೆ ಎಂದು ಕೇಳಿದರೆ ಬೇಜಾರಾಯಿತು ಎಂದೆ. ಇವತ್ತು ಹೋಗುತ್ತೇನೆ, ಈ ವಾರ ಹೋಗುತ್ತೇನೆ ಎಂದುಕೊಳ್ಳುತ್ತಾ ಎರಡು ತಿಂಗಳು ತಳ್ಳಿದೆ. ಯಲಹಂಕದಿಂದ ಹೆಬ್ಬಾಳಕ್ಕೆ ದಿನಾ ಬರುವವಳಿಗೆ ಗಂಗಾನಗರ ಹತ್ತು ನಿಮಿಷದ ದಾರಿ.

ಕೊನೆಗೆ ಒಂದು ಶನಿವಾರ ಬೆಳಿಗ್ಗೆ ಫೋನ್ ಮಾಡಿ ಹೋದೆ. ಹಳೆಯ ಲೇಔಟಿನ ಮನೆ, ಕೆಳಗೆ ಅವರು, ಮೇಲೆ ಬಾಡಿಗೆಯವರು. ಬಾಗಿಲು ತೆಗೆದ ಆಕೆ ಸೊರಗಿಹೋಗಿದ್ದರು. 'ಬನ್ನಿ ಮೇಡಂ' ಎಂದು ಒಳಗೆ ಕರೆದು, ಕಾಫಿ ತರಲು ಹೋದರು. ನಾನು ಕೂತಲ್ಲಿಂದ ಅಡುಗೆಮನೆ ಕಾಣುತ್ತಿತ್ತು. ಗೋಡೆಯ ತುಂಬ ಹಳದಿ ಚೀಟಿಗಳು. ಗ್ಯಾಸ್ ಆಫ್. ಹಾಲು ಒಲೆ ಮೇಲಿದೆ. ಹಿಂದಿನ ಬಾಗಿಲು. ಬೀರುವಿನ ಕೀ ಮಗಳ ಹತ್ತಿರ. ಕಾಫಿ ಬೆರೆಸಿದ ಮೇಲೆ ಗ್ಯಾಸಿನ ಗುಂಡಿಯನ್ನು ಮುಟ್ಟಿ ನೋಡಿದರು, ಚೀಟಿ ನೋಡಿದರು, ಮತ್ತೆ ಗುಂಡಿ ಮುಟ್ಟಿದರು.

ನಾನು ಪೀಠಿಕೆ ಹಾಕಲಿಲ್ಲ. 'ಆ ಲೈನ್ ನೀವು ಬರೆದಿದ್ರಿ. ನಾನು ಬಾಚುವಾಗ ಅದನ್ನ ತೆಗೆದುಬಿಟ್ಟಿದ್ದೆ. ನನಗೂ ಗೊತ್ತಿರಲಿಲ್ಲ. ತಪ್ಪು ನನ್ನದು' ಎಂದೆ. ಹೇಗಾಯಿತೆಂದು ಪೂರ್ತಿ ಬಿಡಿಸಿ ಹೇಳಿದೆ. ಆಕೆಯ ಹಳೆಯ ಪ್ರತಿಯನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೋಗಿದ್ದೆ, ತೋರಿಸಿದೆ. ಬೆರಳಿನಿಂದ ದೊಡ್ಡದು ಮಾಡಿಕೊಂಡು ಓದಿದರು. ತಮ್ಮದೇ ವಿವರಣೆಯನ್ನು ತುಟಿ ಅಲ್ಲಾಡಿಸುತ್ತಾ ಎರಡು ಸಲ ಓದಿದರು.

'ಬರೆದಿದ್ದೆ,' ಎಂದರು.

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

'ನಮ್ಮಮ್ಮನಿಗೆ ಮರೆವಿನ ಕಾಯಿಲೆ ಇತ್ತು ಮೇಡಂ. ಐವತ್ತು ದಾಟೋ ಮುಂಚೇನೇ ಶುರುವಾಯ್ತು. ಹಚ್ಚದೇ ಇರೋ ಒಲೇನ ಹಚ್ಚಿದೀನಿ ಅನ್ನೋರು. ಅವತ್ತು ಎಲ್ರ ಮುಂದೆ ಲ್ಯಾಪ್‌ಟಾಪ್ ತೆಗೆದು ನೋಡಿದ್ರೆ ಆ ಲೈನ್ ಇಲ್ಲ. ಬಸ್ಸಲ್ಲಿ ಕೂತು ನೋಡಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ, ಅದೂ ಸುಳ್ಳು ಅಂತೀರಿ. ನಂಗೂ ಶುರುವಾಯ್ತು ಅಂದ್ಕೊಂಡೆ. ಸ್ಕೂಟರ್ ಬಿಟ್ಟೆ. ಡಾಕ್ಟ್ರು ಎರಡು ಸಲ ನೋಡಿ ಏನೂ ಇಲ್ಲ ಅಂದ್ರು, ನಾನು ನಂಬ್ಲಿಲ್ಲ. ಮನೇಲೂ ಯಾರೂ ನಂಬ್ಲಿಲ್ಲ. ಈಗ ನನ್ ಮಗಳು ನನ್ ಹಿಂದೇನೇ ಬಂದು ಗೀಸರ್ ಆಫ್ ಮಾಡಿದ್ಯಾ ಅಂತ ನೋಡ್ತಾಳೆ.'

ಗೆಲ್ಲುವುದಕ್ಕಲ್ಲದೆ ಬೇರೆ ಯಾತಕ್ಕೂ ನನ್ನ ಬಾಯಿಯನ್ನು ನಾನು ಬಳಸಿಯೇ ಇರಲಿಲ್ಲ.

ಆಕೆ ಕಣ್ಣೊರೆಸಿಕೊಂಡು ಎದ್ದು ಹೋಗಿ, ಮಗಳ ಲಾಂಗ್ ನೋಟ್‌ಬುಕ್ಕಿನಿಂದ ಒಂದು ಹಾಳೆ, ಒಂದು ಪೆನ್ನು ತಂದು ನನ್ನ ಮುಂದಿಟ್ಟರು.

'ಕೆಲಸ ವಾಪಸ್ ಬೇಡ ಮೇಡಂ. ಇದನ್ನ ಬರೆದು ಕೊಡಿ ಸಾಕು. ನಾನು ಬರೆದಿದ್ದೆ, ತೆಗೆದಿದ್ದು ನೀವು ಅಂತ. ನನ್ ಹೆಸರು, ನಿಮ್ ಹೆಸರು, ಸಹಿ. ಮನೆಯವರಿಗೆ ತೋರಿಸ್ತೀನಿ. ಮಗಳಿಗೆ ತೋರಿಸ್ತೀನಿ. ಇನ್ಯಾರಿಗೂ ಕೊಡಲ್ಲ.'

ಪೆನ್ನು ತೆಗೆದುಕೊಂಡೆ. ನಡೆದದ್ದನ್ನು ನಡೆದ ಹಾಗೆ ಬರೆದೆ, ಮುಕ್ಕಾಲು ಪುಟ ಆಯಿತು. ಆಕೆಯ ಹೆಸರು ಬರೆಯಬೇಕಾದ ಕಡೆ ಜಾಗ ಬಿಟ್ಟೆ, ನನ್ನದಕ್ಕೂ ಬಿಟ್ಟೆ. ಕೊನೆಗೆ ತುಂಬಿಸುತ್ತೇನೆ ಅಂದುಕೊಂಡು. ಕೊನೆ ಬಂತು. ಮಾಲೀಕರ ಮಾತು ನೆನಪಾಯಿತು, ಸ್ಟೇಷನ್ನು, ಲಾಯರು, ಹದಿನೆಂಟು ವರ್ಷ ಕೆಲಸ ಮಾಡಿ ಗಳಿಸಿದ ನನ್ನ ಹೆಸರು. ಕೈ ನಿಂತಿತು. 'ಇದನ್ನ ಸರಿಯಾಗಿ ಟೈಪ್ ಮಾಡಿ ಮೇಲ್ ಮಾಡ್ತೀನಿ, ಸೋಮವಾರ' ಎಂದೆ. ನನ್ನ ದನಿ ನನಗೇ ಕೇಳಿಸಿತು.

ಆಕೆ ಹಾಳೆಯನ್ನು ನೋಡಿದರು, ಖಾಲಿ ಬಿಟ್ಟ ಜಾಗಗಳನ್ನು ನೋಡಿದರು. ಅದನ್ನು ಮಡಿಸಿ ನನ್ನ ಬ್ಯಾಗಿನ ಮೇಲಿಟ್ಟರು.

'ಹೆಸರಿಲ್ದೇ ಇದ್ರೆ ನಾನೇ ಬರ್ಕೊಂಡಿದೀನಿ ಅಂತಾರೆ ಮೇಡಂ. ಮರೆತಿರ್ಬೇಕು ಅಂತಾರೆ. ಕಾಫಿ ಆರ್ತಿದೆ, ಕುಡೀರಿ.'

ಆ ಸೋಮವಾರ ಕಳೆದು ಏಳು ತಿಂಗಳಾಯಿತು. ಮೇಲ್ ಕಳಿಸಿಲ್ಲ. ಈಗ ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ, ಒಂದು ಸಾಲನ್ನೂ ಬಿಟ್ಟಿಲ್ಲ. ಆಕೆಯ ಹೆಸರನ್ನೂ ಹಾಕಿಲ್ಲ, ನನ್ನ ಹೆಸರನ್ನೂ ಹಾಕಿಲ್ಲ. ಇದನ್ನೂ ಆಕೆ ಮಗಳಿಗೆ ತೋರಿಸುವ ಹಾಗಿಲ್ಲ.